ಆಗಸ್ಟ್ ತಿಂಗಳ ಒಂದು ದಿನ

ತನ್ನ ಸರದಿ ಬಂದಾಗ ಏನು ಹೇಳಬೇಕೆಂಬುದು ಜಯಸಿಂಹನಿಗೆ ಹೊಳೆಯಲಿಲ್ಲ.

ಕೋಣನಕುಂಟೆಯಲ್ಲಿ, ಮುನಿಯಕ್ಕನ ಮನೆಯ ತಾರಸಿಯ ಮೇಲೆ, ಇಲೋನಾಳ ಬೀಳ್ಕೊಡುಗೆಯ ಊಟ ಆಗಷ್ಟೇ ಮುಗಿದಿತ್ತು. ದೂರದ ದೇಶಗಳಿಂದ ಬಂದು ಈ ಊರಿನಲ್ಲಿ ಬೇರುಬಿಟ್ಟ ಏಳೆಂಟು ಜನರ ಬಳಗ ಅದು. ಅವರಲ್ಲೊಂದು ಪದ್ಧತಿ ತಾನಾಗಿ ಬೆಳೆದಿತ್ತು. ಯಾರಾದರೂ ಊರು ಬಿಟ್ಟು ಹೊರಟರೆ ಉಳಿದವರೆಲ್ಲ ಸುತ್ತ ಕುಳಿತು, ತಾವು ಬಂದಂದಿನಿಂದ ಇಲ್ಲಿನ ಬದುಕಿನಲ್ಲಿ ಉತ್ತಮಗೊಂಡ ಒಂದೊಂದು ಸಂಗತಿಯನ್ನು ಹೇಳಬೇಕು. ದೂರು ಹೇಳುವಂತಿಲ್ಲ. ಹೋಗುವವರು ಒಳ್ಳೆಯದನ್ನಷ್ಟೇ ಕಟ್ಟಿಕೊಂಡು ಹೋಗಲಿ ಎಂಬ ಆಸೆ.

ಜಪಾನಿನ ಎಂಜಿನಿಯರ್ ಕೆಂಜಿ ಕಾವೇರಿ ನೀರಿನ ಮಾತೆತ್ತಿದ. ಟ್ಯಾಂಕರಿನ ಹಾರ್ನ್ ಕೇಳಿದೊಡನೆ ಸೋಪಿನ ಮುಖದಲ್ಲೇ ಮೆಟ್ಟಿಲಿಳಿದು ಓಡುತ್ತಿದ್ದುದನ್ನು ಎದ್ದು ನಿಂತು ಅಭಿನಯಿಸಿದ. ಇರಾನಿನ ದಂತವೈದ್ಯ ಫರ್ಹಾದ್, ಬನಶಂಕರಿಯ ಸಿಗ್ನಲ್ಲಿನಲ್ಲಿ ತಾನು ಕಳೆದ ಯೌವನವನ್ನು ಮೆಟ್ರೋ ಬಡ್ಡಿಯಿಲ್ಲದೆ ಹಿಂದಿರುಗಿಸುತ್ತಿದೆ ಎಂದ. ಇನ್ನೊಬ್ಬರು ಕರೆಂಟನ್ನು ಹೊಗಳಿದರು. ಮೇಣದಬತ್ತಿ ಕೊನೆಯ ಸಲ ಕೊಂಡದ್ದು ಯಾವಾಗ ಎಂಬುದೇ ಅವರಿಗೆ ಮರೆತುಹೋಗಿತ್ತಂತೆ.

ಆಮೇಲೆ ಇಲೋನಾ ಮಾತಾಡಿದಳು. ಹಂಗೆರಿಯ ಒಂದು ಸಣ್ಣ ಊರಿನಿಂದ ಬಂದು, ಜೆ.ಪಿ. ನಗರದ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಚಿತ್ರಕಲೆ ಕಲಿಸಿದವಳು. ಅರವತ್ತು ತುಂಬಿತೆಂದು ಶಾಲೆ ಹಾರ ಹಾಕಿತ್ತು. ಕೆಲಸ ಮುಗಿದಲ್ಲಿಗೆ ಕೆಲಸದ ವೀಸಾ ಮುಗಿಯುತ್ತದೆ.

"ನಂದು ವೀಸಾನೇ. ಮುಂಚೆ ಒಂದು ಇಡೀ ದಿನ ಹೋಗ್ತಿತ್ತು. ಈಗ ಮನೇಲೇ ಕೂತು, ಕಾಫಿ ಆರೋದ್ರೊಳಗೆ ಮುಗಿಯುತ್ತೆ," ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟುವ ಕೈಗಳ ನಡುವಿನಿಂದ ಅವಳು ಜಯಸಿಂಹನತ್ತ ಒಂದು ನೋಟ ಹರಿಸಿದಳು. ಅರೆಕ್ಷಣದ, ಕೆಣಕುವ, ಕೆಣಕಿದ್ದಕ್ಕೆ ತಾನೇ ನೊಂದಂತಿದ್ದ ನೋಟ. ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಅವನು ಬಾಳೆಲೆಯ ಅಂಚನ್ನು ಮಡಿಸಿದ.

"ಜಯಸಿಂಹ ಸಾರ್, ನೀವು?" ಎಂದ ಕೆಂಜಿ.

"ನಾನು ಇಲ್ಲೇ ಹುಟ್ಟಿದವನು ಮಾರಾಯ. ನಮಗೆ ಸುಧಾರಣೆ ಕಾಣೋದು ಸ್ವಲ್ಪ ಲೇಟು."

ಎಲ್ಲರೂ ನಕ್ಕರು. ಅವನೂ ನಕ್ಕ. ಒಳಗೆ ಆ ಇಡೀ ದಿನ, ಸುಧಾರಣೆ ಅಳಿಸಿಹಾಕಿದ ಆ ದಿನ, ಎದ್ದು ಕುಳಿತಿತ್ತು.

ವರ್ಷಕ್ಕೊಮ್ಮೆ, ಆಗಸ್ಟಿನಲ್ಲಿ ಬರುತ್ತಿತ್ತು ಅದು. ಆಗ ಅವಳು ಜಯನಗರ ಏಳನೆಯ ಬ್ಲಾಕಿನ ಅವನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಅವನು ಬ್ಯಾಂಕಿನ ಅಧಿಕಾರಿ; ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ವಿದೇಶಿಯರ ನೋಂದಣಿ ಕಚೇರಿಗೆ ಮನೆಯ ಯಜಮಾನನ ಪತ್ರ ಬೇಕು, ಜೊತೆಗೆ ನಾಲ್ಕು ಪ್ರತಿ ಜೆರಾಕ್ಸು. ಪತ್ರ ಕೊಟ್ಟು ಕಳಿಸಿದ್ದರೆ ಸಾಕಿತ್ತು. ಅವನು ರಜೆ ಹಾಕಿ ಜೊತೆಗೇ ಹೊರಡುತ್ತಿದ್ದ.

ಬೆಳಗ್ಗೆ ಟೋಕನ್ ಪಡೆದರೆ ಹೆಸರು ಕೂಗುವಷ್ಟರಲ್ಲಿ ಮಧ್ಯಾಹ್ನ ಇಳಿಯುತ್ತಿತ್ತು. ಅಷ್ಟು ಹೊತ್ತು ಎರಡು ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ನಡುವೆ ಒಂದು ಫೈಲು. ಅವಳು ಕಾಯುತ್ತಿದ್ದವರ ಮುಖಗಳನ್ನು ಲಕೋಟೆಗಳ ಬೆನ್ನಮೇಲೆ ಗೀಚುವಳು. ಗೀಚುತ್ತಲೇ ತನ್ನೂರಿನ ನದಿಯ ಬಗ್ಗೆ, ಮುರಿದುಬಿದ್ದ ಮದುವೆಯ ಬಗ್ಗೆ, ತಂಗಿ ಎದಿತ್‌ಳ ಬಗ್ಗೆ ಹೇಳುವಳು. ಕೆಲಸ ಮುಗಿದ ಮೇಲೆ ವಿಲ್ಸನ್ ಗಾರ್ಡನ್ನಿನ ಒಂದು ಸಣ್ಣ ಹೋಟೆಲಿನಲ್ಲಿ ತಟ್ಟೆ ಇಡ್ಲಿ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಮೆಟ್ಟಿಲ ಬಳಿ ಎದುರಾದರೆ 'ನಮಸ್ಕಾರ', 'ನೀರು ಬಂತಾ' ಅಷ್ಟೆ.

ಏಳನೆಯ ಆಗಸ್ಟಿನಲ್ಲಿ ಅವನು ಮದುವೆಯ ಮಾತೆತ್ತಿದ.

ಬ್ಯಾಂಕಿನವನು. ಏನನ್ನಾದರೂ ಕೇಳುವಾಗ ಎದುರಿನವರಿಗೆ ಆಗುವ ಅನುಕೂಲವನ್ನು ಮೊದಲು ಬರೆಯಬೇಕೆಂದು ಕಲಿತವನು. 'ನನಗೆ ಬೇಕು' ಎಂಬ ಮಾತಿಗೆ ಅವನು ಬಲ್ಲ ಯಾವ ಅರ್ಜಿಯಲ್ಲೂ ಜಾಗವಿರಲಿಲ್ಲ. ಫೈಲಿನ ದಾರ ಬಿಗಿಯುತ್ತ, "ಒಂದು ವಿಷಯ. ನಾವು ಮದುವೆ ಆದ್ರೆ ನಿಮಗೆ ಈ ತಾಪತ್ರಯ ತಪ್ಪುತ್ತೆ. ರೂಲ್ಸ್ ಎಲ್ಲ ಓದಿ ನೋಡಿದೀನಿ," ಎಂದಿದ್ದ.

ಅವಳ ಪೆನ್ಸಿಲು ನಿಂತಿತು. "ಕಾಗದಕ್ಕೋಸ್ಕರ ನಾನು ಮದುವೆ ಆಗಲ್ಲ, ಜಯಸಿಂಹ," ಎಂದಳು.

"ಸರಿ, ಸರಿ. ಸುಮ್ಮನೆ ಹೇಳ್ದೆ."

ಆ 'ಸುಮ್ಮನೆ'ಯನ್ನು ಹಿಂದಕ್ಕೆ ಪಡೆಯಲು ಅವನಿಗೆ ಹನ್ನೆರಡು ವರ್ಷವಿತ್ತು. ಪಡೆಯಲಿಲ್ಲ. ಎರಡು ತಿಂಗಳಿಗೆ ಅವಳು, ಶಾಲೆಗೆ ಹತ್ತಿರವೆಂದು ಕೋಣನಕುಂಟೆಗೆ ಮನೆ ಬದಲಾಯಿಸಿದಳು. ಎಲ್ಲ ಮುಗಿಯಿತೆಂದು ಅವನು ಅಂದುಕೊಂಡಿದ್ದಾಗ, ಮರುವರ್ಷ ಆಗಸ್ಟ್ ಮೊದಲ ವಾರದಲ್ಲಿ ಫೋನ್ ಬಂತು. "ಬರ್ತೀರಾ?" ಅಷ್ಟೇ ಕೇಳಿದ್ದಳು. ಅವಳ ಹೊಸ ಮನೆಯೊಡತಿ ಮುನಿಯಕ್ಕನ ಪತ್ರ ಹಿಡಿದು ಅವನು ಹೋದ. ಕುರ್ಚಿಗಳು ಅಲ್ಲೇ ಇದ್ದವು.

ಕೆಲವು ಆಗಸ್ಟುಗಳ ನಂತರ ಎಲ್ಲವೂ ಆನ್‌ಲೈನ್ ಆಯಿತು.

ಈಗ ತಾರಸಿಯ ಮೇಲೆ ಬಳಗ ಕರಗುತ್ತಿತ್ತು. ಮುನಿಯಕ್ಕ ಲೋಟಗಳನ್ನು ಎತ್ತಿಕೊಂಡು ಅವನ ಪಕ್ಕ ಬಂದು ನಿಂತಳು. ಇದೇ ನೆಲದಲ್ಲಿ ರಾಗಿ ಬೆಳೆದು, ಅದೇ ನೆಲದ ಮೇಲೆ ಮೂರಂತಸ್ತು ಎಬ್ಬಿಸಿದ ಹೆಂಗಸು. ಮಾತಿಗೆ ಸುತ್ತುಬಳಸು ಗೊತ್ತಿಲ್ಲ.

"ಏನ್ ಸಾರ್, ಇವತ್ತಾದ್ರೂ ಬಾಯ್ಬಿಟ್ರಾ?"

"ಏನನ್ನಮ್ಮ?"

"ನನ್ ತಾವ ನಾಟ್ಕ ಆಡ್ಬೇಡಿ. ಈವಮ್ಮ ಟ್ರಂಕು ತುಂಬಿ ಬೀಗ ಹಾಕ್ಬುಟ್ಳು. ನಾಳೆ ಈ ಹೊತ್ಗೆ ಆಕಾಶದಾಗಿರ್ತಾಳೆ."

ಅವನು ಅವಳ ಕೈಯಿಂದ ಎರಡು ಲೋಟ ಇಸಿದುಕೊಂಡ. ಹೇಳುವುದೇನೋ ಸರಿ. ಆದರೆ ವೀಸಾ ಮುಗಿಯುವ ಹೊತ್ತಿನಲ್ಲಿ ಹೇಳಿದರೆ ಅದು ಮತ್ತೆ ಹಳೆಯ ಅರ್ಜಿಯೇ ಆಗುತ್ತದೆಂದು ತಿಂಗಳುಗಟ್ಟಲೆ ಹೆದರಿದ್ದ. ಅಷ್ಟರಲ್ಲಿ ಎದಿತ್ ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡ ಸುದ್ದಿ ಬಂತು. ಇಲೋನಾ ತಂಗಿಗೆ ಬರುತ್ತೇನೆಂದು ಮಾತು ಕೊಟ್ಟಳು. ಅವನಿಗೂ ಹಿಂಬಾಲಿಸುವ ದಾರಿಯಿರಲಿಲ್ಲ. ಅಕ್ಕ ಸೀತಾಲಕ್ಷ್ಮಿಗೆ ಎಂಬತ್ತೆರಡು; ನೆನಪೆಲ್ಲ ಒಂದೊಂದಾಗಿ ಉದುರಿ, ಈಗ ತಮ್ಮನ ಮುಖವೊಂದೇ ಉಳಿದುಕೊಂಡಿತ್ತು. ಅವನ ಕೈಯಿಂದಲ್ಲದೆ ತುತ್ತು ಇಳಿಯುತ್ತಿರಲಿಲ್ಲ.

ಅಕ್ಕನಿಗಾಗಿ ಅವನು ಐದಕ್ಕೆ ಹೊರಡಬೇಕಿತ್ತು. ಇಲೋನಾ ಚಪ್ಪಲಿ ಮೆಟ್ಟಿ, ಮೆಟ್ರೋವರೆಗೆ ಬರುತ್ತೇನೆಂದಳು.

ಜುಲೈ ಕೊನೆಯ ಬೂದು ಬೆಳಕು ರಸ್ತೆಯ ಮೇಲೆ ತೆಳ್ಳಗೆ ಹಾಸಿತ್ತು. ದಾರಿಯುದ್ದಕ್ಕೂ ಅವಳು ಬಂದ ಹೊಸದರ ಕತೆ ಹೇಳಿದಳು: ಈ ರಸ್ತೆಯಲ್ಲಿ ಒಂದು ಬಸ್ಸಿಗೆ ಮುಕ್ಕಾಲು ಗಂಟೆ ನಿಲ್ಲುತ್ತಿದ್ದುದು, ಊರಿಗೆ ಫೋನ್ ಮಾಡಲು ಬೂತಿನ ಮುಂದೆ ಕಾಯುತ್ತಿದ್ದುದು. ಅವನು ಹೂಂಗುಟ್ಟುತ್ತ ಬಂದ. ಈ ಊರು ಅವಳಿಗೆ ಸಲೀಸಾದಷ್ಟೂ ಅವಳಿಗೆ ತನ್ನ ಅಗತ್ಯ ತೀರುತ್ತ ಹೋಯಿತೆಂಬ ಎಣಿಕೆ, ನಡೆಯುತ್ತಿದ್ದಂತೆ, ಅವನೊಳಗೆ ಮುಳ್ಳಿನಂತೆ ಆಡುತ್ತಿತ್ತು.

"ಆನ್‌ಲೈನ್ ಆದ ವರ್ಷ ನೆನಪಿದ್ಯಾ?" ಎಂದಳು ಅವಳು.

ನೆನಪಿರದೆ ಏನು. ಅಂದು ಇಬ್ಬರೂ ಫೈಲು ಹಿಡಿದು ಹೋದಾಗ ಬಾಗಿಲಲ್ಲಿದ್ದ ಕಾವಲುಗಾರ, ಇದೆಲ್ಲ ಈಗ ಕಂಪ್ಯೂಟರಿನಲ್ಲೇ ಆಗುತ್ತದೆಂದು ನಯವಾಗಿ ಹಿಂದೆ ಕಳಿಸಿದ್ದ. ತನಗೆ ತಿಳಿದೇ ಇರಲಿಲ್ಲವೆಂದು ಜಯಸಿಂಹ ಹಣೆ ಚಚ್ಚಿಕೊಂಡಿದ್ದ. ಆಮೇಲೆ ಎಂದಿನಂತೆ ಇಡ್ಲಿ ತಿಂದರು.

"ನಿಮಗೆ ಗೊತ್ತಿತ್ತು," ಎಂದಳು.

ಸುಳ್ಳು ಹೇಳುವ ವಯಸ್ಸು ಮುಗಿದಿತ್ತು. "ಗೊತ್ತಿತ್ತು. ಪೇಪರಲ್ಲಿ ಓದಿದ್ದೆ."

"ನನಗೂ ಗೊತ್ತಿತ್ತು. ಸ್ಕೂಲಿಗೆ ಮೇಲ್ ಬಂದಿತ್ತು, ಒಂದು ತಿಂಗಳು ಮುಂಚೆನೇ."

ಅವನು ನಿಂತುಬಿಟ್ಟ. ಅವಳು ನಿಲ್ಲದೆ ಎರಡು ಹೆಜ್ಜೆ ಮುಂದೆ ಹೋಗಿ, ತಿರುಗಿ, ಅವನ ಮುಖವನ್ನು ಲಕೋಟೆಯ ಮೇಲೆ ಗೀಚುವ ಮೊದಲು ನೋಡುವಂತೆ ನೋಡಿದಳು. "ಮೂರು ವರ್ಷ ಕಾದೆ, ಮತ್ತೆ ಏನಾದ್ರೂ ನೆಪ ಹುಡುಕ್ತೀರಾ ಅಂತ. ನೀವು ಯುಗಾದಿಗೆ ಮೆಸೇಜ್ ಕಳಿಸಿದ್ರಿ. ಬೇವುಬೆಲ್ಲದ ಫೋಟೋ."

ಸ್ಟೇಷನ್ನಿನಲ್ಲಿ ಅವಳೂ ಕಾರ್ಡು ತಾಗಿಸಿ ಒಳಗೆ ಬಂದಳು. ಎತ್ತರದ ಪ್ಲಾಟ್‌ಫಾರ್ಮಿನಿಂದ ಕಾಣುತ್ತಿದ್ದ ತಾರಸಿಗಳ ಸಾಲು, ನೀಲಿ ಟ್ಯಾಂಕುಗಳು, ಒಣಹಾಕಿದ ಸೀರೆಗಳು. ಮೊದಲ ರೈಲು ಬಂತು. ಅವನು ಹತ್ತಲಿಲ್ಲ. ಬೆಂಚಿನ ಮೇಲೆ ಕುಳಿತರು. ಎರಡನೆಯದೂ ಹೋಯಿತು.

"ಇಲೋನಾ, ನಾಳೆ ನೀವು ಹೊರಟೇ ಹೊರಡ್ತೀರಿ ತಾನೆ?"

"ಹೌದು. ಎದಿತ್ ಒಬ್ಬಳೇ ಇದಾಳೆ."

"ಹೋಗ್ಲೇಬೇಕು. ಬೇಡ ಅನ್ನಲ್ಲ. ಬೇಡ ಅನ್ನೋಕೆ ನನ್ನ ಹತ್ರ ಏನೂ ಇಲ್ಲ." ಅವನ ಧ್ವನಿ ಅರ್ಜಿ ಓದುವವನಂತೆ ಒಣಗಿ, ಆಮೇಲೆ ಎಲ್ಲಿಂದಲೋ ಒದ್ದೆಯಾಯಿತು. "ಈಗ ಹೇಳೋದ್ರಿಂದ ನಿಮಗೆ ಏನೂ ಉಪಯೋಗ ಇಲ್ಲ. ಅದಕ್ಕೇ ಹೇಳ್ತಿದೀನಿ. ನನಗೆ ನೀವು ಬೇಕಾಗಿತ್ತು. ವೀಸಾಗಲ್ಲ, ಏನಕ್ಕೂ ಅಲ್ಲ. ಬೆಳಗ್ಗೆ ಎದ್ದಾಗ ನೀವು ಮನೇಲಿರಬೇಕು ಅಂತ ಅಷ್ಟೇ. ಇವತ್ತೂ ಹಾಗೇ ಇದೆ."

ಗಾಳಿ ಅವಳ ನರೆಗೂದಲನ್ನು ಬಿಚ್ಚಿ ಮುಖದ ಮೇಲೆ ಹರವಿತು, ಅವಳು ಸರಿಸಿಕೊಳ್ಳಲಿಲ್ಲ.

"ಈಗ ನಂಬ್ತೀನಿ," ಎಂದಳು.

ನಂಬಿದ ಮೇಲೆ ಕೊಡುವುದಕ್ಕೆ ಇಬ್ಬರ ಬಳಿಯೂ ಏನೂ ಉಳಿದಿರಲಿಲ್ಲ. ಅವಳು ಅವನ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಎರಡೂ ಕೈಗಳಿಂದ ಮುಚ್ಚಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಅವಳ ಬೆರಳ ತುದಿಗಳು ಅವನು ಊಹಿಸಿದ್ದಕ್ಕಿಂತ ಒರಟಾಗಿದ್ದವು, ಊಹಿಸಿದ್ದಕ್ಕಿಂತ ಬೆಚ್ಚಗಿದ್ದವು.

"ಇದನ್ನ ಅವತ್ತು ಹೇಳಿದ್ದಿದ್ರೆ, ಟೋಕನ್ ಅಲ್ಲೇ ಹರಿದು ಹಾಕಿ ಮನೆಗೆ ಬರ್ತಿದ್ದೆ."

"ಗೊತ್ತಿರಲಿಲ್ಲ."

"ನೀವು ಕೇಳಲಿಲ್ಲ, ಜಯಸಿಂಹ. ಅನುಕೂಲ ಹೇಳಿದ್ರಿ."

ಮೂರನೆಯ ರೈಲು, ನಾಲ್ಕನೆಯ ರೈಲು. ಎಷ್ಟು ಬೇಗ ಬರುತ್ತಿದ್ದವು ಅವು. ತಡವಾಗಲೆಂದು ಹಾರೈಸುವವರನ್ನು ಲೆಕ್ಕಿಸದ ಹಾಗೆ, ಒಂದರ ಹಿಂದೊಂದು, ತಪ್ಪದೆ.

ಐದನೆಯದಕ್ಕೆ ಅವಳೇ ಅವನ ಕೈ ಬಿಡಿಸಿದಳು. "ಹೋಗಿ. ಅಕ್ಕನಿಗೆ ಊಟದ ಹೊತ್ತಾಯ್ತು."

ಅವನು ಎದ್ದ. ಹತ್ತಿದ. ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ಅವಳು ಬೆಂಚಿನಿಂದ ಏಳಲಿಲ್ಲ, ಕೈ ಬೀಸಲಿಲ್ಲ. ಮಡಿಲ ಮೇಲೆ ಖಾಲಿಯಾದ ಎರಡು ಕೈಗಳನ್ನು ಹಾಗೆಯೇ, ನಡುವೆ ಏನೋ ಇದ್ದಂತೆ, ಮುಚ್ಚಿ ಹಿಡಿದೇ ಕುಳಿತಿದ್ದಳು. ರೈಲು ಒಂದಿಷ್ಟೂ ಅಲುಗಾಡದೆ ಅವನನ್ನು ಕೊಂಡೊಯ್ದಿತು.