ಹಿಂದಿನ ಕೋಣೆಗೆ ಪೂರ್ತಿ ಸ್ಪೀಡ್

ಗಾಜಿನ ಬಾಗಿಲು ತಳ್ಳಿಕೊಂಡು ಅಂಗಡಿಯೊಳಗೆ ಬಂದವನಲ್ಲಿ ಅವಳಿಗೆ ಮೊದಲು ಕಂಡದ್ದು ಹೆಗಲ ಮೇಲಿದ್ದ ನೀಲಿ ಕೇಬಲ್ಲಿನ ಸುರುಳಿ. ಆಮೇಲೆ ಕಂಡದ್ದು ಆ ಹಲ್ಲು. ಮೇಲಿನ ಸಾಲಿನಲ್ಲಿ, ಎಡಗಡೆ, ಪಕ್ಕದ ಹಲ್ಲನ್ನು ಮೊಣಕೈಯಿಂದ ತಿವಿದು ಮುಂದೆ ಬಂದು ನಿಂತಂಥ ಕೋರೆಹಲ್ಲು. ಎಷ್ಟೋ ಜನರ ಮುಖ ಅವಳಿಗೆ ನೆನಪಿರುವುದಿಲ್ಲ, ಹಲ್ಲು ಮಾತ್ರ ನೆನಪಿರುತ್ತದೆ. ಅವಳ ಕೆಲಸವೇ ಅಂಥದ್ದು. ಈ ಹಲ್ಲನ್ನಂತೂ ಮರೆಯಬೇಕೆಂದು ಹೋದ ವರ್ಷದಿಂದ ಒದ್ದಾಡಿ ಸೋತಿದ್ದಳು.

“ನೆಟ್ ಸ್ಲೋ ಅಂತ ಕಂಪ್ಲೇಂಟ್ ಬಂದಿತ್ತು,” ಎಂದ ಅವನು, ಗೋಡೆಗೆ ಹೇಳುವವನ ಹಾಗೆ.

“ಹೌದು, ಬನ್ನಿ,” ಎಂದಳು ಅವಳು, ಕೇಬಲ್ಲಿಗೆ.

ಮೂಲೆಯಲ್ಲಿ ಫೋಟೋಗೆ ಫ್ರೇಮ್ ಕೂರಿಸುತ್ತಿದ್ದ ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು. “ಓಹೋ! ಐದು ಕಾಲಿನ ಆನೆ!”

ಅಪ್ಪನಿಗೆ ಗಿರಾಕಿಗಳ ಹೆಸರು ನಿಲ್ಲುವುದಿಲ್ಲ. ಯಾರು ಯಾವ ಚಿತ್ರಕ್ಕೆ ಫ್ರೇಮ್ ಹಾಕಿಸಿದರೋ ಅದೇ ಅವರ ಹೆಸರು. ಹೋದ ವರ್ಷ ಇವನು ಬಂದದ್ದು ತನ್ನ ಅಕ್ಕನ ಮಗಳು ಬಣ್ಣದ ಕಡ್ಡಿಯಲ್ಲಿ ಬರೆದ ಆನೆ ಹಿಡಿದುಕೊಂಡು; ಅದಕ್ಕೆ ತೇಗದ ಫ್ರೇಮೇ ಬೇಕೆಂದು ಹಟ ಹಿಡಿದಿದ್ದ. “ಇದಕ್ಕೆ ಐದು ಕಾಲಿವೆಯಲ್ರೀ,” ಎಂದು ಅವಳು ನಕ್ಕಿದ್ದಳು. “ಐದನೇದು ಸ್ಟೆಪ್ನಿ,” ಎಂದಿದ್ದ ಅವನು, ಒಂದಿಷ್ಟೂ ನಗದೆ. ಆ ಮೇಲೆ ಒಮ್ಮೆ ಮೊಳೆ ಬೇಕೆಂದು ಬಂದ, ಒಮ್ಮೆ ದಾರ ಬೇಕೆಂದು ಬಂದ, ಒಮ್ಮೆ ಏನು ಬೇಕೆಂದು ಹೇಳಲು ಮರೆತೇಬಿಟ್ಟ. ಕೊನೆಗೆ ಅವನ ತಾಯಿ ಬಂದು, ಅಪ್ಪನ ತಂಗಿ, ಅಂದರೆ ಈ ಮನೆಯಲ್ಲೇ ಇರುವ ಅತ್ತೆಯ ಹತ್ತಿರ ಹುಡುಗಿ ಕೇಳಿದರು. ಮಾತು ಹೋಯಿತು, ಮಾತು ಬಂತು. “ಅವರು ಬೇಡ ಅಂದ್ರು ಕಣೇ,” ಎಂದಳು ಅತ್ತೆ ಒಂದು ಸಂಜೆ. ಕಥೆ ಅಲ್ಲಿಗೆ ಮುಗಿದಿತ್ತು.

ಬೇಡವೆಂದವನನ್ನೇ ಕಂಪನಿಯವರು ಕಳಿಸಬೇಕೇ! ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೂ ಏನೋ ಬಂತು, ಅದನ್ನು ಅವಳು ಅಲ್ಲಿಯೇ ಅದುಮಿಟ್ಟಳು. ಇವತ್ತು ಅವಳಿಗೆ ಬೇಕಾಗಿದ್ದದ್ದು ನೆಟ್ಟು ಮಾತ್ರ.

ಅವಳ ಮನೆ ರೈಲಿನ ಡಬ್ಬಿಗಳ ಹಾಗೆ, ಒಂದು ಕೋಣೆಯ ಹಿಂದೆ ಇನ್ನೊಂದು ಕೋಣೆ. ಬೀದಿಗೆ ಅಂಟಿಕೊಂಡು ಅಂಗಡಿ, ಆಮೇಲೆ ನಡುಮನೆ, ಅಡುಗೆಮನೆ, ಎಲ್ಲಕ್ಕಿಂತ ಹಿಂದೆ ಅವಳ ಕೋಣೆ. ಇಂಟರ್ನೆಟ್ ಲೈನು ಬೀದಿಯಿಂದ ಬಂದು ಅಂಗಡಿಯ ರೂಟರಿನಲ್ಲಿ ಕೂತಿತ್ತು. ಅಲ್ಲಿ ಕುದುರೆಯ ಹಾಗೆ ಓಡುವ ನೆಟ್ಟು ಕಲ್ಲಿನ ಗೋಡೆಗಳನ್ನು ದಾಟಿ ಅವಳ ಕಂಪ್ಯೂಟರ್ ಮುಟ್ಟುವ ಹೊತ್ತಿಗೆ ಏದುಸಿರು ಬಿಡುತ್ತಿತ್ತು. ಕಂಪ್ಯೂಟರನ್ನೇ ಅಂಗಡಿಗೆ ತರೋಣವೆಂದರೆ ಅಲ್ಲಿ ಮರದ ಪುಡಿ, ಸುತ್ತಿಗೆ ಸದ್ದು.

ಅವಳು ಹಲ್ಲಿನ ಕ್ಯಾಪ್ ಡಿಸೈನ್ ಮಾಡುವವಳು. ಡಾಕ್ಟರುಗಳು ಬಾಯಿಯ ಸ್ಕ್ಯಾನ್ ಕಳಿಸುತ್ತಾರೆ. ಮುರಿದ ಹಲ್ಲಿಗೆ ಹೊಂದುವ ಹೊಸ ಹಲ್ಲನ್ನು ಅವಳು ಪರದೆಯ ಮೇಲೆ ಕೆತ್ತಿ ಹಿಂದಿರುಗಿಸುತ್ತಾಳೆ. ಹೊಸದೊಂದು ದೊಡ್ಡ ಲ್ಯಾಬು ಅವಳನ್ನು ಕರೆದಿತ್ತು. ಪೇಷೆಂಟು ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಕೂತಿರುವಾಗಲೇ ಡಿಸೈನ್ ಹೋಗಿ ಮುಟ್ಟಬೇಕು, ಅಂಥ ಕೆಲಸ. ನಾಳೆ ಬೆಳಗ್ಗೆ ಪರೀಕ್ಷೆ. ಫೈಲು ದಾರಿಯಲ್ಲಿ ಸಿಕ್ಕಿಕೊಂಡರೆ ದೂರದ ಊರಿನ ಅವರ ಆಫೀಸಿಗೇ ಬಂದು ಕೂರಬೇಕು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು. ಅಪ್ಪನ ಕಣ್ಣಿಗೆ ಪೊರೆ ಬರುತ್ತಿದೆ, ಗಾಜಿನ ಅಳತೆಯನ್ನು ಈಗ ಅವಳೇ ತೆಗೆಯುತ್ತಾಳೆ. ಹೋಗಲು ಅವಳಿಗೆ ಮನಸ್ಸಿರಲಿಲ್ಲ, ಕೆಲಸ ಬಿಡಲೂ ಮನಸ್ಸಿರಲಿಲ್ಲ.

ಅದನ್ನೆಲ್ಲ ನಾಲ್ಕು ಮಾತಿನಲ್ಲಿ ಹೇಳಿದಳು. ಅವನು ತಲೆಯಾಡಿಸಿ ಲ್ಯಾಪ್‌ಟಾಪನ್ನು ರೂಟರಿಗೆ ಸಿಕ್ಕಿಸಿದ.

“ಇಲ್ಲಿ ಸ್ಪೀಡ್ ಮುನ್ನೂರು ಎಂಬಿಪಿಎಸ್ ಬರ್ತಿದೆ. ನಿಮ್ಮ ಪ್ಲಾನೂ ಮುನ್ನೂರೇ. ಲೈನ್ ತಪ್ಪಿಲ್ಲ.”

“ಹಾಗಾದ್ರೆ ತಪ್ಪು ಯಾರದು?”

ಅವನು ಮೊದಲ ಸಲ ಅವಳ ಮುಖ ನೋಡಿದ. “ಅದನ್ನೇ ಹುಡುಕ್ತಿದ್ದೀನಿ,” ಎಂದ. ಅವಳು ಸರಕ್ಕನೆ ತಿರುಗಿ ಒಳಗೆ ನಡೆದಳು, ಕಿವಿ ಕೆಂಪಾದದ್ದು ಕಾಣದಿರಲೆಂದು.

ನಡುಮನೆಯ ಗೋಡೆಯಲ್ಲಿ ಬಿಳಿ ಡಬ್ಬಿಯೊಂದು ಹಸಿರು ದೀಪ ಮಿನುಗಿಸುತ್ತಿತ್ತು. ಅಡುಗೆಮನೆಯಲ್ಲಿ ಅಂಥದೇ ಇನ್ನೊಂದು. ಯಾರದೋ ಮಾತು ಕೇಳಿ ಅತ್ತೆ ತರಿಸಿದ ರಿಪೀಟರುಗಳು; ದಿನಾ ಬೆಳಗ್ಗೆ ಬಟ್ಟೆಯಲ್ಲಿ ಒರೆಸುತ್ತಿದ್ದಳು.

“ನೋಡಪ್ಪಾ, ಸಿಗ್ನಲ್ ಕಡ್ಡಿ ಎಲ್ಲಾ ಪೂರ್ತಿ ಇವೆ,” ಎಂದಳು ಅತ್ತೆ ಹೆಮ್ಮೆಯಿಂದ, ಅವನ ಕಣ್ಣು ಮಾತ್ರ ತಪ್ಪಿಸಿ.

“ಕಡ್ಡಿ ಪೂರ್ತಿ ಇರುತ್ತಮ್ಮಾ, ಸ್ಪೀಡ್ ಇರಲ್ಲ. ಈ ಡಬ್ಬಿ ಅಲ್ಲಿಂದ ಕೇಳಿಸ್ಕೊಂಡು ಇಲ್ಲಿ ಹೇಳುತ್ತೆ. ಕೇಳುವಾಗ ಹೇಳೋಕಾಗಲ್ಲ, ಹೇಳುವಾಗ ಕೇಳೋಕಾಗಲ್ಲ. ಹಾಗಾಗಿ ಅರ್ಧ ಅಲ್ಲೇ ಹೋಯ್ತು. ಎರಡನೇ ಡಬ್ಬಿಗೆ ಬರೋ ಹೊತ್ತಿಗೆ ಅರ್ಧದಲ್ಲಿ ಅರ್ಧ.”

“ಪಾಪ, ಅದೂ ಒಳ್ಳೇದಕ್ಕೇ ಮಾಡುತ್ತಲ್ವಾ?”

“ಒಳ್ಳೇದಕ್ಕೇ, ಅದರಲ್ಲಿ ಎರಡು ಮಾತಿಲ್ಲ,” ಎಂದ ಅವನು. “ಆದ್ರೆ ಮಧ್ಯದಲ್ಲಿ ಯಾರೂ ಇಲ್ಲದೆ, ರೂಟರಿಂದ ಸೀದಾ ಇವರ ಕಂಪ್ಯೂಟರಿಗೆ ವೈರ್ ಎಳೆದ್ರೇನೇ ಪೂರ್ತಿ ಬರೋದು.”

ಅತ್ತೆ ಸೆರಗಿನಿಂದ ಡಬ್ಬಿಯನ್ನು ಇನ್ನೊಮ್ಮೆ ಒರೆಸಿ ಅಡುಗೆಮನೆಗೆ ಹೋದಳು.

ಕೇಬಲ್ಲು ಅಂಗಡಿಯಿಂದ ಹೊರಟು ಬಾಗಿಲ ಚೌಕಟ್ಟು ಹತ್ತಿ, ನಡುಮನೆಯ ಸೂರಿನ ಅಂಚು ಹಿಡಿದು, ಅಡುಗೆಮನೆಯ ಡಬ್ಬಿಗಳ ಸಾಲಿನ ಹಿಂದೆ ತೂರಿ ಕೊನೆಯ ಗೋಡೆಗೆ ಬಂತು. ಅದಕ್ಕೆ ತೂತು ಕೊರೆಯಬೇಕಿತ್ತು. ಅವನು ಆಚೆ ಅಡುಗೆಮನೆಯಲ್ಲಿ, ಅವಳು ಈಚೆ ತನ್ನ ಕೋಣೆಯಲ್ಲಿ. ಡ್ರಿಲ್ಲು ಗುರುಗುಟ್ಟಿತು, ಸುಣ್ಣದ ಪುಡಿ ಉದುರಿತು, ಸ್ವಲ್ಪ ಹೊತ್ತಿಗೆ ಗೋಡೆಯಲ್ಲಿ ಬೆಳಕಿನ ಚುಕ್ಕೆ ಮೂಡಿತು. ಅದರೊಳಗಿನಿಂದ ನೀಲಿ ತುದಿ ಅಳುಕುತ್ತಾ ಹೊರಗಿಣುಕಿತು.

“ಸಿಕ್ತಾ?”

“ಸಿಕ್ತು.”

“ಎಳೀರಿ. ಮೆಲ್ಲಗೆ.”

ಅವಳು ಎಳೆದಳು. ಆಚೆಯಿಂದ ಅವನು ಬಿಡುತ್ತಾ ಬಂದ. ಅವನ ಕೈ ತಡೆದರೆ ಅವಳ ಬೆರಳಿಗೆ ತಿಳಿಯುತ್ತಿತ್ತು, ಅವನು ಸಡಿಲಿಸಿದರೂ ತಿಳಿಯುತ್ತಿತ್ತು. ಇದ್ದಕ್ಕಿದ್ದಂತೆ ಕೇಬಲ್ಲು ನಿಂತಿತು.

“ಒಂದು ಕೇಳ್ಲಾ?” ಗೋಡೆಯ ತೂತಿನಿಂದ ಬಂದ ದನಿ ತಗ್ಗಿತ್ತು. “ಯಾಕೆ ಬೇಡ ಅಂದ್ರಿ?”

ಅವಳು ತೂತಿನ ಹತ್ತಿರಕ್ಕೆ ಬಗ್ಗಿದಳು. “ನಾನಾ? ಬೇಡ ಅಂದಿದ್ದು ನೀವಲ್ವಾ?”

“ನಾನ್ಯಾಕ್ರೀ ಬೇಡ ಅನ್ಲಿ! ಹುಡುಗಿಗೆ ಇಷ್ಟ ಇಲ್ಲ ಅಂತ ಅಮ್ಮ ಬಂದು ಹೇಳಿದ್ರು. ಕಾರಣ ಕೇಳ್ಕೊಂಡು ಬಾ, ಎಷ್ಟು ದಿನ ಬೇಕಾದ್ರೂ ಕಾಯ್ತೀನಿ ಅಂತ ಅಮ್ಮನ್ನೇ ಮತ್ತೆ ಕಳಿಸ್ದೆ.”

“ಅದು ನನ್ನ ತನಕ ಬರ್ಲೇ ಇಲ್ಲ.”

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳವೊಂದು ಠಣ್ಣೆಂದು ಬಿತ್ತು. ಅತ್ತೆಯ ದನಿ ಕೇಳಿತು: “ಅದು ಹಾಗಲ್ಲಪ್ಪಾ, ಅವಳು ಹೇಳಿದ್ದು ಏನಂದ್ರೆ—”

“ಅತ್ತೆ! ನೀವು ಸುಮ್ನಿರಿ, ನಾನೇ ಹೇಳ್ತೀನಿ!” ಎಂದಳು ಅವಳು ಗೋಡೆಗೆ ಬಾಯಿ ಹಚ್ಚಿ.

“ಗೋಡೆಗೆ ಕಿವಿ ಇರುತ್ತೆ ಅಂತಿದ್ರು, ಈಗ ಬಾಯೂ ಬಂತು,” ಎಂದು ಗೊಣಗಿದಳು ಅತ್ತೆ. ಆಮೇಲೆ ದನಿ ಇಳಿಸಿ ಹೇಳಿದಳು: “ಷರತ್ತು ಗಿರತ್ತು ಅಂದ್ರೆ ಗಂಡಿನ ಮನೆಯವರು ಏನಂದ್ಕೋತಾರೋ ಅಂತ, ಅಪ್ಪನ್ನ ಬಿಟ್ಟು ಬರೋಲ್ವಂತೆ ಅಂದೆ ಅಷ್ಟೇ. ಇವನ ಅಮ್ಮ ಅದನ್ನ ಬೇಡ ಅಂತಲೇ ತಿಳ್ಕೊಂಡ್ರು. ಆಮೇಲೆ ಮತ್ತೆ ಬಂದವರು ಕಾರಣ ಕೇಳ್ಲಿಲ್ಲ, ಹೋಗ್ಲಿ ಬಿಡಿ ಅಂದ್ರು. ನಾನದನ್ನ ಅವರು ಬೇಡ ಅಂದ್ರು ಅಂತ ನಿಂಗೆ ಹೇಳ್ಬಿಟ್ಟೆ. ತಪ್ಪಾಯ್ತು ಕಣೇ.”

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದು ಅತ್ತೆಗೆ ಹುಟ್ಟುಗುಣ. ಅವಳ ಮೇಲೆ ಸಿಟ್ಟಾಗುವುದಕ್ಕೂ ಈಗ ಪುರುಸೊತ್ತಿರಲಿಲ್ಲ. ಅವಳು ಕೇಬಲ್ಲನ್ನು ಬಿಗಿಯಾಗಿ ಹಿಡಿದುಕೊಂಡಳು.

“ಪೂರ್ತಿ ಕೇಳಿ. ನೀವಂದ್ರೆ ನಂಗಿಷ್ಟ ಅಂತಲೇ ಮೊದಲು ಹೇಳಿದ್ದೆ. ಆಮೇಲೆ ಹೇಳಿದ್ದು, ಮದುವೆ ಆದ್ಮೇಲೂ ಈ ಕೋಣೆ, ಈ ಕೆಲಸ, ಅಪ್ಪನ ಅಂಗಡಿ, ಯಾವುದನ್ನೂ ಬಿಡಲ್ಲ. ಬೆಳಗ್ಗೆ ಬರ್ತೀನಿ, ಸಂಜೆ ಹೋಗ್ತೀನಿ. ಅವರಿಗೆ ಒಪ್ಪಿಗೆನಾ ಕೇಳಿ ಅಂದಿದ್ದೆ. ಇಷ್ಟೇ ನಾನು ಹೇಳಿದ್ದು.”

ಕೇಬಲ್ಲು ಸಡಿಲವಾಯಿತು. ಅವಳು ತೂತಿಗೆ ಕಣ್ಣಿಟ್ಟು ನೋಡಿದರೆ ಎದುರಿಗೆ ಖಾಲಿ ಗೋಡೆ. ಹೊರಟೇಹೋದನೇ ಎಂದು ಸರ್ರನೆ ತಿರುಗಿದಳು.

ಅವನು ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಇಕ್ಕಳದಂಥ ಸಾಧನ, ತಲೆಯ ತುಂಬ ಸುಣ್ಣದ ಪುಡಿ. “ತುದಿಗೆ ಪ್ಲಗ್ ಹಾಕ್ಬೇಕು. ಸ್ವಲ್ಪ ಟಾರ್ಚ್ ಹಿಡೀತೀರಾ?” ಎಂದ, ಬೇರೇನೂ ಆಗಿಯೇ ಇಲ್ಲವೆಂಬಂತೆ.

ಅವಳು ಹಿಡಿದಳು. ಅವನು ಕೇಬಲ್ಲಿನ ಸಿಪ್ಪೆ ಸುಲಿದು ಎಂಟು ತೆಳು ತಂತಿಗಳನ್ನು ಬಿಡಿಸಿ, ಬಣ್ಣ ನೋಡಿ ಸಾಲಾಗಿ ಜೋಡಿಸಿದ. ಇಬ್ಬರ ತಲೆಯ ನಡುವೆ ಒಂದು ಗೇಣೂ ಇರಲಿಲ್ಲ. ದಿನಕ್ಕೆ ಹತ್ತಾರು ಸಲ ಮಾಡುವ ಕೆಲಸ, ಇವತ್ತು ಬೆರಳು ಮಾತು ಕೇಳುತ್ತಿಲ್ಲ. ನೀಲಿ ತಂತಿ ಜಾರಿತು, ಮತ್ತೆ ಹಿಡಿದ. ಪ್ಲಗ್ಗಿಗೆ ತೂರಿಸಿ ಒತ್ತಿದ. ಕಂಪ್ಯೂಟರಿಗೆ ಸಿಕ್ಕಿಸಿದ. ಪರದೆಯ ಮೇಲೆ ಸ್ಪೀಡ್ ತೋರಿಸುವ ಮುಳ್ಳು ಏರಿ ತೊಂಬತ್ತನಾಲ್ಕಕ್ಕೆ ನಿಂತುಬಿಟ್ಟಿತು.

“ಇದೇನಿದು!” ಎಂದ ಅವನು ಪೆಚ್ಚಾಗಿ. “ಎಂಟರಲ್ಲಿ ಒಂದು ತಂತಿ ಕೂತಿಲ್ಲ ಅಂದ್ರೆ ಹೀಗೇ ನೂರರೊಳಗೇ ನಿಂತ್ಬಿಡುತ್ತೆ. ಯಾವುದು ಅಂತ—”

“ಕಂದು ಬಣ್ಣದ್ದು,” ಎಂದಳು ಅವಳು. “ಕೂದಲೆಳೆಯಷ್ಟು ಹಿಂದೆ ಉಳ್ಕೊಂಡಿದೆ.”

“ನಿಮಗೆ ಹೇಗೆ ಗೊತ್ತು?”

“ಕೂದಲೆಳೆ ಸಂದು ನೋಡೋದೇ ನನ್ನ ಕೆಲಸ. ಒತ್ತೋಕ್ಕೆ ಮುಂಚೇನೇ ಕಂಡಿತ್ತು.”

“ಮತ್ತೆ ಯಾಕ್ರೀ ಹೇಳ್ಲಿಲ್ಲ?”

ಅವಳು ಟಾರ್ಚನ್ನು ಆರಿಸಿ, ಮತ್ತೆ ಹಚ್ಚಿ, ಮತ್ತೆ ಆರಿಸಿದಳು. “ಹೇಳಿದ್ರೆ ಕೆಲಸ ಮುಗಿದು ನೀವು ಹೊರಟ್ಬಿಡ್ತಿದ್ರಿ. ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.”

ಅವನು ನಕ್ಕ. ತಿವಿದುಕೊಂಡು ಬಂದ ಆ ಹಲ್ಲು ಪೂರ್ತಿ ಕಂಡಿತು. ಅದನ್ನು ಸರಿಪಡಿಸಲು ಬಂದ ಯಾವ ಡಾಕ್ಟರನ್ನೂ ತಾನು ಮನೆಯೊಳಗೆ ಬಿಡುವುದಿಲ್ಲವೆಂದು ಅವಳಿಗೆ ಆಗಲೇ ಅನ್ನಿಸಿತು.

“ಬೆಳಗ್ಗೆ ನೀವು ಇಲ್ಲಿಗೆ ಬರ್ತೀರಿ, ನಾನು ಕಂಬ ಹತ್ತೋಕೆ ಹೋಗ್ತೀನಿ. ಸಂಜೆ ಇಬ್ಬರೂ ಒಂದೇ ಮನೆಗೆ ಹೋಗೋದು. ಇದರಲ್ಲಿ ಬೇಡ ಅನ್ನೋಕೆ ಏನಿದೆ, ನಂಗಂತೂ ಗೊತ್ತಾಗ್ತಿಲ್ಲ.”

“ಅಪ್ಪನ ಕಣ್ಣು ಇನ್ನೂ ಮಂಜಾದ್ರೆ ಕೆಲವು ದಿನ ರಾತ್ರೀನೂ ಇಲ್ಲೇ ಇರಬೇಕಾಗ್ಬಹುದು.”

“ಆಗ ನಂಗೂ ಊಟ ಇಲ್ಲೇ. ನಾನೂ ಒಂದು ವರ್ಷ ನಿನ್ನ... ನಿಮ್ಮನ್ನೇ ನೆನೆಸ್ಕೊಂಡಿದ್ದೀನಿ ಕಣ್ರೀ. ಈ ಬೀದಿ ಕಂಪ್ಲೇಂಟ್ ಬಂದ್ರೆ ಬೇರೆಯವರನ್ನ ಕಳಿಸ್ತಿದ್ದೆ. ಇವತ್ತು ಧೈರ್ಯ ಮಾಡಿ ನಾನೇ ಬಂದೆ.”

“ನಿನ್ನ ಅಂತಲೇ ಹೇಳಿ, ಪರವಾಗಿಲ್ಲ,” ಎಂದಳು ಅವಳು ಮೆಲ್ಲಗೆ.

ಅವನು ಪ್ಲಗ್ಗನ್ನು ಕತ್ತರಿಸಿ ಎಸೆದು ಹೊಸದು ತೆಗೆದ. ಈ ಸಲ ಎಂಟೂ ತಂತಿ ಸರಿಯಾಗಿ ಕೂತವು. ಮುಳ್ಳು ತೊಂಬತ್ತು ದಾಟಿತು, ಇನ್ನೂರು ದಾಟಿತು, ಮುನ್ನೂರಕ್ಕೆ ಹೋಗಿ ಅಲ್ಲಾಡದೆ ನಿಂತಿತು. ಬಾಗಿಲಲ್ಲಿ ಇಣುಕುತ್ತಿದ್ದ ಅತ್ತೆ ಕಣ್ಣೊರೆಸಿಕೊಂಡು, “ನಾನು ಈಗಲೇ ಹೋಗಿ ಅವನ ಅಮ್ಮನಿಗೆ ಹೇಳ್ಬರ್ತೀನಿ,” ಎಂದು ಚಪ್ಪಲಿ ಹುಡುಕತೊಡಗಿದಳು.

“ಬೇಡ!” ಎಂದರು ಇಬ್ಬರೂ ಒಟ್ಟಿಗೆ.

ಮಾರನೆಯ ಬೆಳಗ್ಗೆ ಲ್ಯಾಬಿನಿಂದ ಸ್ಕ್ಯಾನು ಬಂತು. ಯಾರದೋ ದವಡೆ, ಮೂಲೆಯಲ್ಲಿ ಮುರಿದ ಒಂದು ಹಲ್ಲು. ಅವಳು ಚಹಾ ಬಗ್ಗಿಸಿಕೊಳ್ಳುವಷ್ಟರಲ್ಲಿ ಫೈಲು ಪೂರ್ತಿ ಇಳಿದಿತ್ತು. ಡಿಸೈನ್ ಮುಗಿಸಿ ಕಳಿಸಿದಳು. ಒಂದು ಕಡೆಯೂ ತಡೆಯದೆ ಹೋಯಿತು. ಹೊಸ ಹಲ್ಲು ಸರಿಯಾಗಿ ಕೂತಿದೆ, ಸೋಮವಾರದಿಂದ ಮನೆಯಿಂದಲೇ ಕೆಲಸ ಶುರು ಮಾಡಿ ಎಂದು ಫೋನು ಬಂತು. ಅಪ್ಪನಿಗೆ ಹೇಳಿದಳು. ಐದು ಕಾಲಿನ ಆನೆಯ ವಿಷಯವನ್ನೂ ಹೇಳಿ, ಅವನ ತಾಯಿಯ ಹತ್ತಿರ ತಾನೇ ಮಾತಾಡಿ ಬರುತ್ತೇನೆ ಎಂದಳು. ಅಪ್ಪ ಸುತ್ತಿಗೆ ಕೆಳಗಿಟ್ಟು, “ಹೋಗಿ ಬಾ ಮಗಳೇ,” ಎಂದರು.

ಅವನ ಮನೆಯ ಬಾಗಿಲಲ್ಲಿ ಅವನ ತಾಯಿ ಮಗನ ಷರಟಿಗೆ ಗುಂಡಿ ಹೊಲಿಯುತ್ತಾ ಕೂತಿದ್ದರು. ಮಗ ಹಿಂದೆ ಕಂಬದ ಹಾಗೆ ನಿಂತಿದ್ದ.

“ನೀನು ಬೇಡ ಅಂದಿದ್ಯಂತಲ್ಲಮ್ಮಾ?” ಎಂದರು ಆಕೆ ಕನ್ನಡಕದ ಮೇಲಿನಿಂದ ನೋಡುತ್ತಾ.

“ಇಲ್ಲಮ್ಮಾ. ಅದನ್ನೇ ಹೇಳೋಕ್ಕೆ ಬಂದೆ.” ನಿಂತಲ್ಲಿಯೇ ಎಲ್ಲವನ್ನೂ ಹೇಳಿದಳು: ಇಷ್ಟ, ಷರತ್ತು, ಅಪ್ಪನ ಕಣ್ಣು, ಸೋಮವಾರದ ಕೆಲಸ. ಏನನ್ನೂ ನಯ ಮಾಡಲಿಲ್ಲ, ಏನನ್ನೂ ಬಿಡಲಿಲ್ಲ.

ಆಕೆ ದಾರ ಕಚ್ಚಿ ತುಂಡು ಮಾಡಿದರು. “ಬೆಳಗ್ಗೆ ಎಷ್ಟು ಹೊತ್ತಿಗೆ ಕೆಲಸಕ್ಕೆ ಕೂರ್ಬೇಕು ನೀನು?”

“ಎಂಟಕ್ಕೆ.”

“ಹಾಗಾದ್ರೆ ಏಳಕ್ಕೆ ತಿಂಡಿ. ಆ ಕಡೆ ಹೋಗೋವಾಗ ನಿಮ್ಮಪ್ಪನಿಗೂ ಒಂದು ಡಬ್ಬಿ ತಗೊಂಡು ಹೋಗು. ಅವರು ಖಾರ ತಿಂತಾರಾ?”

“ಅಮ್ಮಾ, ಇನ್ನೂ ಮದುವೆ ದಿನವೇ ಗೊತ್ತಾಗಿಲ್ಲ,” ಎಂದ ಮಗ ಹಿಂದಿನಿಂದ.

“ನೀನು ಸುಮ್ನಿರೋ. ನಾವಿಬ್ಬರೂ ಮಾತಾಡ್ತಿದ್ದೀವಿ,” ಎಂದು ಆಕೆ ಷರಟನ್ನು ಅವನತ್ತ ಎಸೆದು, ಅವಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಅವಳು ಚಪ್ಪಲಿ ಬಿಟ್ಟು ಹೋಗಿ ಕೂತಳು.