ಊರಿಗೆಲ್ಲ ಇಬ್ಬರೇ ನೆಗೆಟಿವ್

ಈ ಊರಲ್ಲಿ ಅರ್ಧಕ್ಕರ್ಧ ಜನರ ಮೈಯಲ್ಲಿ ಓಡ್ತಿರೋದು ನನ್ನ ರಕ್ತ. ನಾನು ಬೀದಿಲಿ ಹೋದ್ರೆ ಎಲ್ಲರೂ ಎದ್ದು ನಿಂತು "ಅಮ್ಮಾ" ಅನ್ಬೇಕು. ಸರಿ, ಸರಿ, ಹಾಗೆ ನೋಡ್ಬೇಡಿ, ಇದರಲ್ಲಿ ಅರ್ಧ ಸುಳ್ಳು. ರಕ್ತ ಕೊಟ್ಟಿದ್ದು ಒಂದೇ ಸಲ, ತಲೆ ತಿರುಗಿ ಬಿದ್ದಿದ್ದು ಎರಡು ಸಲ. ಆಮೇಲೆ ರಕ್ತದಾನಿಗಳ ಸಂಘದವರು ಕೈ ಮುಗಿದು, "ಅಜ್ಜಿ, ನೀವು ಕೊಟ್ಟಿದ್ದು ಸಾಕು. ಆಸ್ಪತ್ರೆಗೆ ಕೊಡೋಕೆ ಬಂದವರಿಗೆ ಜ್ಯೂಸ್ ಬಗ್ಗಿಸ್ತಾ ಕೂತಿರಿ" ಅಂದ್ರು. ಜ್ಯೂಸ್ ಕೊಡೋ ಮುದುಕಿನ ಯಾರೂ ನೋಡಲ್ಲ. ಮುದುಕಿ ಎಲ್ಲಾ ನೋಡ್ತಾಳೆ.

ನಮ್ಮ ಸಂಘ ಇರೋದು ಮಾರ್ಕೆಟ್ ಹಿಂದಿನ ಮಹಡಿ ಕಟ್ಟಡದಲ್ಲಿ. ಕೆಳಗೆ ಹೆಂಗಸರ ಹಾಡಿನ ಗುಂಪು, ಮೇಲೆ ಕೇರಂ ಕ್ಲಬ್ಬು, ನಡುವೆ ಸಿಕ್ಕಾಕ್ಕೊಂಡಿರೋರು ನಾವು. ಕೆಳಗಿಂದ ಆಲಾಪ, ಮೇಲಿಂದ ಟಕ್ ಟಕ್, ಮಧ್ಯದಲ್ಲಿ ಕಾರ್ಯದರ್ಶಿ ಫೋನ್ ಕಿವಿಗೊತ್ಕೊಂಡು "ಹಲೋ, ಕೇಳಿಸ್ತಾ?" ಅಂತ ಗಂಟಲು ಹರ್ಕೋತಾ ಇರ್ತಾರೆ. ಸಂಘದ್ದು ಒಂದು ಕಟ್ಟುನಿಟ್ಟು: ರಕ್ತ ಯಾರಿಗೆ ಅಂತ ಕೊಡೋರು ಕೇಳೋ ಹಾಗಿಲ್ಲ, ಕಾರ್ಯದರ್ಶಿ ಹೇಳೋ ಹಾಗಿಲ್ಲ.

ಸುಲಭಕ್ಕೆ ಸಿಗದ ನೆಗೆಟಿವ್ ಗ್ರೂಪಿನ ರಕ್ತದೋರು ಸಂಘದಲ್ಲಿ ಇಬ್ಬರೇ. ಒಬ್ಳು ಬೇಕರಿಯವಳು. ಅಣ್ಣ ಒಲೆ ಮುಂದೆ, ಅತ್ತಿಗೆ ಗಲ್ಲಾ ಮುಂದೆ, ಇವಳು ಒಳಗೆ ಕೂತು ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸೋಳು. ಇನ್ನೊಬ್ಬ ಪಂಪಿನ ಮೋಟಾರಿಗೆ ತಂತಿ ಸುತ್ತೋನು. ಅವನು ನಕ್ಕರೆ ಆಸ್ಪತ್ರೆ ಟ್ಯೂಬ್‌ಲೈಟು ನಾಚ್ಕೊಂಡು ಆರಿಹೋಗ್ತಿತ್ತು. ಆಣೆಗೂ!

ಮೊದಲನೇ ಸಲ ರಕ್ತ ಕೊಡೋಕೆ ಅಕ್ಕಪಕ್ಕದ ಮಂಚದಲ್ಲಿ ಮಲಗಿದಾಗ ಅವನೇ ಬಾಯಿ ಬಿಟ್ಟಿದ್ದು.

"ಸೂಜಿ ಕಂಡ್ರೆ ಭಯಾನಾ?"

"ಇಲ್ಲಪ್ಪ."

"ಮತ್ಯಾಕೆ ಕಣ್ಣು ಮುಚ್ಕೊಂಡಿದ್ದೀರ?"

"ನಿಮ್ಮನ್ನ ನೋಡ್ಬಾರ್ದು ಅಂತ."

"ಅಷ್ಟು ಕೆಟ್ಟದಾಗಿದ್ದೀನಾ?"

ಇರಲಿ, ನೋಡೇಬಿಡೋಣ ಅಂತ ಇವಳು ಒಂದೇ ಒಂದು ಕಣ್ಣು ತೆರೆದ್ಲು. ಅಷ್ಟೇ ನೋಡಿ, ಅಲ್ಲಿಗೆ ಮುಗೀತು ಇವಳ ಕಥೆ.

ಆಮೇಲೆ ಬೇಕರಿಯ ಚೆನ್ನಾಗಿರೋ ಮಿಕ್ಸಿನ ರಿಪೇರಿಗೆ ಅಂತ ಅವನ ಅಂಗಡಿಗೆ ಹೊತ್ಕೊಂಡು ಹೋದ್ಲು. ಅವನಿರಲಿಲ್ಲ. ಅಂಗಡಿ ಯಜಮಾನರು ಬಿಚ್ಚಿ ನೋಡಿ, "ಮಿಕ್ಸಿಗೇನೂ ಆಗಿಲ್ಲಮ್ಮ" ಅಂತ ವಾಪಸ್ ಕೊಟ್ರು. ಮನೇಲಿ ಅತ್ತಿಗೆ, "ಹಾಗಾದ್ರೆ ಏನೋ ಆಗಿರೋದು ನಿನಗೇ" ಅಂತ ಮೂರು ದಿನ ಕಾಡಿದ್ಲು. ಇನ್ನೊಂದು ಸಲ ಹೋಗೋಕೆ ಮುಖ ಎಲ್ಲಿತ್ತು? ಉಳಿದಿದ್ದು ಸಂಘದ ಫೋನ್ ಒಂದೇ. ಅದು ಬಂದ್ರೆ ಅವನು ಸಿಗ್ತಾನೆ. ಆದ್ರೆ ಅದು ಬರ್ಬೇಕು ಅಂದ್ರೆ ಯಾರದೋ ಮನೇಲಿ ಯಾರೋ ಸಾಯೋ ಹಾಗಾಗಿರ್ಬೇಕು!

ಅದೇ ಅವಳ ಎದೆ ಕೊರೀತಿದ್ದ ಭಯ. ಅವನ ನೆನಪಾದ್ರೆ ಫೋನ್ ಕಡೆ ಕಣ್ಣು ಹೋಗ್ತಿತ್ತು. ಕಣ್ಣು ಹೋದ ತಕ್ಷಣ, ಅಯ್ಯೋ ಪಾಪಿ, ಯಾರ ಕೇಡು ಬಯಸ್ತಿದ್ದೀನಿ ನಾನು ಅಂತ ಮೈಯೆಲ್ಲ ತಣ್ಣಗಾಗ್ತಿತ್ತು. ಒಂದು ಮಧ್ಯಾಹ್ನ, ಬೇಕರಿಲಿ ಯಾರೂ ಇಲ್ಲದಾಗ, ಕೇಕಿನ ಮುಂದೆ ಬಾಯಿಬಿಟ್ಟು ಅಂದೇಬಿಟ್ಲು: "ಒಂದೇ ಸಲ ಫೋನ್ ಬರಲಿ. ಏನೋ ಸಣ್ಣದು, ಯಾರಿಗೂ ಏನೂ ಆಗದೇ ಇರೋ ಅಂಥದ್ದು."

ಗುಲಾಬಿಯ ಕೊನೇ ದಳ ಬಿಡಿಸೋ ಮುಂಚೆ ಫೋನ್ ಬಂತು.

"ಬೇಗ ಬಾಮ್ಮಾ, ತುಂಬಾ ಅರ್ಜೆಂಟು," ಅಂದ್ರು ಕಾರ್ಯದರ್ಶಿ.

"ಅವರೂ ಬರ್ತಾರಾ, ಸರ್?"

"ಅವನಿಗೆ ಫೋನ್ ಹೋಗ್ತಾನೇ ಇಲ್ಲ. ನೀನೊಬ್ಳೇ ಇರೋದು. ಓಡಿ ಬಾ."

"ಸರ್, ರಕ್ತ ಯಾರಿಗೆ?"

"ಅದನ್ನ ಕೇಳ್ಬಾರ್ದು ಅಂತ ಗೊತ್ತಲ್ಲಮ್ಮ," ಅಂದು ಫೋನ್ ಇಟ್ಟೇಬಿಟ್ರು.

ಹೆದರಿದ ಅವಳ ತಲೆ ಹಾಕಿದ್ದು ಒಂದೇ ಲೆಕ್ಕ. ಬೇಕಾಗಿರೋದು ನಮ್ಮ ಗ್ರೂಪು. ಇರೋರು ಇಬ್ಬರು. ಒಬ್ಳು ನಾನು. ಇನ್ನೊಬ್ಬನ ಫೋನ್ ಸತ್ತಿದೆ. ಅಂದ್ರೆ ರಕ್ತ ಬೇಕಾಗಿರೋದು ಅವನಿಗೇ! ಕೈಲಿದ್ದ ಕ್ರೀಮು ಒರೆಸ್ಕೊಳ್ಳದೆ ಓಡಿದ್ಲು. ಬೀದಿ ಅವತ್ತು ಹತ್ತು ಮೈಲಿ ಉದ್ದ ಆಗಿತ್ತು. ನೋಡಿದ ಪ್ರತಿಯೊಂದು ಮುಖಾನೂ "ನೀನೇ ಬಯಸಿದ್ದು, ನೀನೇ ಬಯಸಿದ್ದು" ಅಂದ ಹಾಗಿತ್ತು.

ರಕ್ತ ತಗೊಳ್ಳೋ ರೂಮಲ್ಲಿ ಅವನು ಮಲಗ್ತಿದ್ದ ಕಿಟಕಿ ಕಡೆ ಮಂಚ ಖಾಲಿ. ಮಡಿಸಿಟ್ಟ ಬಿಳೀ ಬೆಡ್‌ಶೀಟು ಮಾತ್ರ ಇತ್ತು. ಅದನ್ನ ನೋಡಿದ ಅವಳ ಮುಖ ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ.

ನರ್ಸಮ್ಮ ನಾಡಿ ಹಿಡಿದು ಹುಬ್ಬು ಗಂಟು ಹಾಕಿದ್ಲು. "ಏನಮ್ಮಾ ಇದು, ಎದೆಲಿ ಕುದುರೆ ಕಟ್ಕೊಂಡಿದ್ದೀಯಾ? ಇಷ್ಟು ಜೋರಾಗಿ ಹೊಡ್ಕೊಂಡ್ರೆ ತಗೊಳ್ಳೋ ಹಾಗಿಲ್ಲ."

"ತಗೊಳ್ಳಿ ಸಿಸ್ಟರ್! ನನಗೇನೂ ಆಗಲ್ಲ."

"ನಾಡಿ ಇಳಿಬೇಕು. ಐದು ನಿಮಿಷ ಕೊಡ್ತೀನಿ. ಒಳಗೆ ಡಾಕ್ಟ್ರು ಕಾಯ್ತಿದ್ದಾರೆ."

ತನ್ನ ಹೆದರಿಕೇನೇ ಅವನನ್ನ ಕೊಲ್ಲತ್ತೆ! ಅದು ಹೊಳೆದಿದ್ದೇ ಎದೆ ಇನ್ನೂ ದಡಬಡ. ಒಳ್ಳೇದೇನಾದ್ರೂ ನೆನೆಸ್ಕೊಳ್ಳೋಣ ಅಂತ ಕಣ್ಣು ಮುಚ್ಚಿದ್ರೆ ಬಂದಿದ್ದು ಅವನ ನಗು. ಸೂಜಿ ತೆಗೆದ ಕೈಗೆ ಹತ್ತಿ ಒತ್ಕೊಂಡು ಓರೆಗಣ್ಣಲ್ಲಿ ನೋಡೋ ನೋಟ.

"ಇನ್ನೂ ಏರ್ತಾ ಇದೆಯಲ್ಲೇ!" ಅಂದ್ಲು ನರ್ಸಮ್ಮ.

ಆಗ ಅವಳು ಏನು ಮಾಡಿದ್ಲು ಗೊತ್ತಾ? ಅವನನ್ನ ಮನಸ್ಸಿಂದ ಆಚೆ ತಳ್ಳಿ, ಬಾಗಿಲು ಹಾಕಿ, ಚಿಲಕ ಜಡಿದ್ಲು. ಅವನು ಉಳೀಲಿ ಅಂತ ಅವನನ್ನೇ ಮರೆಯೋಕೆ ಕೂತ್ಲು. ಮನಸ್ಸಲ್ಲೇ ಒಂದು ಕೇಕ್ ಇಟ್ಕೊಂಡು ಗುಲಾಬಿ ಬಿಡಿಸಿದ್ಲು. ಒಂದು ದಳ, ಪಕ್ಕದಲ್ಲಿ ಇನ್ನೊಂದು, ಕೈ ಅಲುಗಬಾರ್ದು, ಉಸಿರು ಬಿಗಿಬಾರ್ದು. ಕಣ್ಣಂಚಲ್ಲಿ ನೀರು ಇಳೀತಿತ್ತು. ತುಟಿ ಮಾತ್ರ "ಇನ್ನೊಂದು ದಳ, ಇನ್ನೊಂದು ದಳ" ಅಂತಿತ್ತು. ನಾಡಿ ಮೆಲ್ಲಗೆ ಇಳೀತು. ಸೂಜಿ ಒಳಗೆ ಹೋಯ್ತು. ಚೀಲ ತುಂಬ್ತು. ನರ್ಸಮ್ಮ ಅದನ್ನ ಎತ್ಕೊಂಡು ಒಳಗೆ ಓಡಿದ್ಲು.

ನರ್ಸಮ್ಮ ಆ ಕಡೆ ಹೋದ್ಲು, ಈ ಕಡೆ ಬಾಗಿಲು ಧಡ್ ಅಂತ ತೆರ್ಕೊಳ್ತು.

ಮೊಣಕಾಲವರೆಗೂ ಕೆಸರು, ಅಂಗಿಗೆ ಅಡ್ಡಾದಿಡ್ಡಿ ಹಾಕಿದ ಗುಂಡಿ, ಮುಖದಲ್ಲಿ ತೊಟ್ಟು ರಕ್ತ ಇಲ್ಲ. ಮೋಟಾರ್ ರಿಪೇರಿಯವನು! ಮಂಚದ ಮೇಲಿದ್ದ ಇವಳನ್ನ ನೋಡಿ ಬಾಗಿಲಿಗೇ ಒರಗಿದ.

"ನಿಮಗೇನಾಯ್ತು?" ಅಂದ.

"ನಿಮಗೇನಾಯ್ತು?" ಅಂದ್ಲು ಇವಳು.

ಆಗಿದ್ದಿಷ್ಟೇ. ಯಾರದೋ ಮನೆ ನೀರಿನ ತೊಟ್ಟಿಯಿಂದ ಪಂಪು ಎತ್ತುವಾಗ ಅವನ ಫೋನ್ ನೀರಿಗೆ ಬಿದ್ದಿತ್ತು. ಸಂಘದ ಕಡೆ ಬಂದ್ರೆ ಕೇರಂ ಆಡೋರು, "ನಿಮ್ಮ ಗ್ರೂಪಿನ ರಕ್ತ ಬೇಕಂತೆ, ಬೇಕರಿಯವಳು ಆಸ್ಪತ್ರೆಲಿದ್ದಾಳೆ" ಅಂತ ಹೇಳಿ ಸ್ಟ್ರೈಕರ್ ಹೊಡ್ಕೊಂಡು ಕೂತ್ರು. ರಕ್ತ ಕೊಡೋಕೆ ಹೋಗಿದ್ದಾಳೆ ಅಂತ ಒಂದು ಮಾತು ಸೇರಿಸೋಕೆ ಏನಾಗಿತ್ತು ಅವರ ಬಾಯಿಗೆ?

ನರ್ಸಮ್ಮ ವಾಪಸ್ ಬಂದ್ಲು. "ಇನ್ನೊಂದು ಚೀಲ ಬೇಕು. ಮಲಗಪ್ಪ." ನಾಡಿ ಹಿಡಿದ್ಲು. "ದೇವರೇ, ಇದು ಅವಳಿಗಿಂತ ಜಾಸ್ತಿ!"

"ನನ್ನ ಕಡೆ ನೋಡ್ಬೇಡಿ," ಅಂದ್ಲು ಇವಳು ಮೆಲ್ಲಗೆ. "ಗೋಡೆ ಕಡೆ ತಿರುಗಿ. ಆಗ ನಾಡಿ ಇಳಿಯತ್ತೆ, ನನಗೆ ಗೊತ್ತು."

ಅವನು ತಿರುಗಿದ. ಸ್ವಲ್ಪ ಹೊತ್ತಿಗೆ ಅವನ ಚೀಲಾನೂ ತುಂಬೋಕೆ ಶುರುವಾಯ್ತು. ಆ ಬೆನ್ನಿಗೆ ಇವಳು ಹೇಳ್ಕೊಂಡ್ಲು. ಮುಖ ನೋಡಿದ್ರೆ ಹೇಳೋಕಾಗ್ತಿರಲಿಲ್ಲ.

"ನಾನು ಕೆಟ್ಟವಳು ರೀ. ಫೋನ್ ಬರಲಿ ಅಂತ ಬಯಸಿದೆ. ನಿಮ್ಮನ್ನ ನೋಡ್ಬೇಕಿತ್ತು. ನಾನು ಅಂದಿದ್ದೇ ಯಾರಿಗೋ ಹೀಗಾಯ್ತು."

ನಾನು ಬಗ್ಗಿಸ್ತಿದ್ದ ಜ್ಯೂಸ್ ಲೋಟ ತುಂಬಿ ಟೇಬಲ್ ಮೇಲೆ ಹರೀತಿತ್ತು, ನನಗೆ ಪರಿವೇ ಇಲ್ಲ.

"ಬಯಸಿದ್ರೆ ಆಗೋ ಹಾಗಿದ್ರೆ," ಅಂದ ಗೋಡೆಗೆ, "ಈ ಊರಲ್ಲಿ ಒಬ್ಬರೂ ಉಳೀತಿರಲಿಲ್ಲ. ನಾನು ದಿನಾ ಬಯಸ್ತೀನಿ."

ಇವಳು ದಿಂಬಿಂದ ತಲೆ ಎತ್ತಿ ಆ ಬೆನ್ನನ್ನೇ ನೋಡಿದ್ಲು.

"ನನ್ನ ಭಯಾನೇ ಬೇರೆ," ಅಂದ. "ಒಂದು ಸಲ ಕೊಟ್ಟ ಮೇಲೆ ಮೂರು ತಿಂಗಳು ಕೊಡೋ ಹಾಗಿಲ್ಲ. ಅಷ್ಟೂ ದಿನ ನನಗೆ ನಿದ್ದೆ ಇಲ್ಲ. ಅಷ್ಟರಲ್ಲಿ ನಿಮಗೇ ಏನಾದ್ರೂ ಆಗಿ, ನನ್ನ ಹತ್ರ ಕೊಡೋಕೆ ಇಲ್ಲದೇ ಹೋದ್ರೆ?"

ಇವಳು ಅತ್ಲು. ಸದ್ದಿಲ್ಲದೆ, ದಿಂಬೆಲ್ಲ ನೆನೆಯೋ ಹಾಗೆ.

"ಈಗಂತೂ ಇಬ್ಬರದೂ ಖಾಲಿ," ಅಂದ್ಲು ಕಣ್ಣೊರೆಸ್ಕೊಂಡು. "ನೀವು ತೊಟ್ಟಿಗಿಳೀಬೇಡಿ."

"ನೀವು ಚಾಕು ಮುಟ್ಬೇಡಿ."

"ಬ್ರೆಡ್ಡು ಯಾರು ಕೊಯ್ತಾರೆ?"

"ನಿಮ್ಮ ಅತ್ತಿಗೆ."

ಕಾರ್ಯದರ್ಶಿ ಬಾಗಿಲಲ್ಲಿ ತಲೆ ಹಾಕಿ, "ಜೀವ ಉಳೀತು ಕಣ್ರಪ್ಪಾ" ಅಂದ್ರು. ಯಾರದು ಅಂತ ಅವರು ಹೇಳಲಿಲ್ಲ, ಇವರಿಬ್ಬರೂ ಕೇಳಲಿಲ್ಲ.

ನಾನು ಕಿಟಕಿಗೆ ಮೂಗು ಒತ್ಕೊಂಡು ನೋಡಿದೆ. ಆಸ್ಪತ್ರೆ ಗೇಟಿಂದ ಬೇಕರಿ ಬಲಕ್ಕೆ, ಮೋಟಾರ್ ಅಂಗಡಿ ಎಡಕ್ಕೆ. ಇಬ್ಬರೂ ಗೇಟಲ್ಲಿ ನಿಂತ್ರು. ಒಬ್ಬರನ್ನೊಬ್ಬರು ಕಣ್ಣಿಂದ ಆಚೆ ಬಿಡೋಕೆ ಇಬ್ಬರಿಗೂ ಭಯ. ನನ್ನ ಕೂದಲು ಇನ್ನಷ್ಟು ಬೆಳ್ಳಗಾಗೋವರೆಗೂ ನಿಂತೇ ಇದ್ರು. ಕೊನೆಗೂ ಹೊರಟ್ರು, ಇಬ್ಬರೂ ಒಟ್ಟಿಗೇ.

ಯಾವ ಕಡೆಗೆ ಅಂತ ನಾನ್ಯಾಕೆ ಹೇಳಲಿ? ನೀವೇ ಹೇಳಿ ನೋಡೋಣ.