ಹುಳುಮನೆಯ ಬೀಗ

ನವೆಂಬರ್ 12, ಮಂಗಳವಾರ, ಬೆಳಿಗ್ಗೆ 10.40. ಆತಗೂರು ಕಡೆಯ ನಾಗರತ್ನ ಠಾಣೆಗೆ ಬಂದು, ಸ್ವರೂಪ್ ಎಂಬವನು ಎರಡು ದಿನದಿಂದ ಕಾಣೆಯಾಗಿದ್ದಾನೆಂದು ದೂರು ಕೊಟ್ಟರು. ನಾಗರತ್ನರಿಗೆ ನಲವತ್ತೈದು, ಗಂಡ ತೀರಿಕೊಂಡು ಒಂಬತ್ತು ವರ್ಷ. ಬಂಡೂರಿನ ಸ್ವರೂಪ್‌ಗೆ ಇಪ್ಪತ್ತೊಂಬತ್ತು. ಮದ್ದೂರಿಗೆ ಎಳನೀರು ಸಾಗಿಸುವ ಗೂಡ್ಸ್ ಆಟೋ ಅವನದು.

“ಅವನು ನಿಮಗೇನಾಗಬೇಕು?” ಹೆಡ್ ಕಾನ್‌ಸ್ಟೆಬಲ್ ಮಾದಯ್ಯ ಕೇಳಿದರು.

“ಮದ್ವೆ ಆಗೋನು.”

ಮಾದಯ್ಯನವರ ಪೆನ್ನು ನಿಂತಿತು. “ಮಗನ ವಯಸ್ಸು ಕಣಮ್ಮ.”

“ನಮ್ಮೆಜಮಾನ್ರು ನಂಗಿಂತ ಹದಿನೇಳು ವರ್ಸ ದೊಡ್ಡೋರು. ಆವತ್ತು ಇಡೀ ಊರು ಮದ್ವೆ ಊಟ ಉಂಡ್ಕಂಡು ಓಯ್ತು, ಯಾರೂ ವಯಸ್ಸು ಕೇಳ್ನಿಲ್ಲ. ಬರ್ಕಳಿ.”

“ಬರ್ಕೊಳ್ರೀ ಮಾದಯ್ಯ,” ಎಂದರು ಇನ್‌ಸ್ಪೆಕ್ಟರ್ ಶೋಭಾರಾಣಿ. ಊರು ಒಪ್ಪದ ಮದುವೆಯ ಇಂಥ ನಾಪತ್ತೆಗಳು ನಾಲೆಯಲ್ಲಿ ತೇಲುವ ಹೆಣವಾಗಿ ಮುಗಿದದ್ದನ್ನು ಅವರು ಎರಡು ಸಲ ಕಂಡಿದ್ದರು. ಕುರ್ಚಿಯಲ್ಲಿ ಕೂರಲಾಗಲಿಲ್ಲ. 11.10ಕ್ಕೆ ಎಫ್‌ಐಆರ್ ಆಯಿತು.

ಮಧ್ಯಾಹ್ನ ಕೊಕ್ಕರೆ ಬೆಳ್ಳೂರು ರಸ್ತೆಯಲ್ಲಿ ಆಟೋ ಸಿಕ್ಕಿತು, ಕೀ ಅದರಲ್ಲೇ ಇತ್ತು. ಸ್ವರೂಪ್‌ನ ಫೋನಿಗೆ ಕೊನೆಯ ಕರೆ ಭಾನುವಾರ ಸಂಜೆ 6.15ಕ್ಕೆ. ಮಾಡಿದವನು ನಾಗರತ್ನರ ಮಗ ಪ್ರೀತಂ, ಇಪ್ಪತ್ನಾಲ್ಕರ ಹುಡುಗ. ತಿಂಗಳಿಂದ ತಾಯಿಯನ್ನು ಮಾತಾಡಿಸದೆ ಹೊಲದ ರೇಷ್ಮೆ ಹುಳುಮನೆಯಲ್ಲೇ ಇದ್ದ.

3.30ಕ್ಕೆ ಜೀಪು ಹೊಲ ಮುಟ್ಟಿದಾಗ ಪ್ರೀತಂ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತು ಹುಳುಮನೆಯತ್ತ ಹೊರಟಿದ್ದ. ಬಾಗಿಲಿಗೆ ಬೀಗವಿತ್ತು.

“ಬಾಗಿಲು ತೆಗಿ.”

“ಆಗಲ್ಲ ಮೇಡಂ, ಹುಳ ಜ್ವರಕ್ಕೆ ಕೂತವೆ. ಗಾಳಿ ತಾಕುದ್ರೆ ಬೆಳೆ ಓಯ್ತದೆ.”

ಹುಳು ಪೊರೆ ಬಿಡುವ ಹೊತ್ತನ್ನು ಜ್ವರ ಎನ್ನುತ್ತಾರೆಂದು ಶೋಭಾರಾಣಿ ಕೇಳಿದ್ದರು. ಬಡವರ ಬೆಳೆ ಹಾಳಾದೀತೆಂದು ಹಿಂಜರಿದು ನಿಂತರು. ಮಾದಯ್ಯ ನಕ್ಕರು.

“ಲೇ, ನಮ್ಮವ್ವ ಮೂವತ್ತು ವರ್ಸ ಹುಳ ಸಾಕವ್ಳೆ ಕಣ್ಲಾ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟಕ್ಕಿಲ್ಲ. ಮತ್ತೆ ಇದ್ಯಾರ್ಗ್ಲಾ, ನೀನ್ ತಿನ್ನಕ್ಕಾ?”

ಕುಕ್ಕೆ ಇಳಿಸಿದರು. ಸೊಪ್ಪಿನಡಿ ಸ್ಟೀಲ್ ಡಬ್ಬಿ, ಎರಡು ಮುದ್ದೆ, ಬಸ್ಸಾರು.

ಬೀಗ ತೆಗೆಸಿ ನೋಡಿದರೆ ಒಳಗೆ ಹುಳುವಿರಲಿಲ್ಲ. ಹುಳು ಸಾಕುವ ಖಾಲಿ ತಟ್ಟೆಗಳ ನಡುವೆ ಸ್ವರೂಪ್ ಬಿದ್ದಿದ್ದ. ಕೈಕಾಲಿಗೆ ಹಗ್ಗ, ತಲೆಗೆ ಗಾಯ, ಆದರೆ ಜೀವವಿತ್ತು. ಅವನನ್ನು ಮಂಡ್ಯದ ಆಸ್ಪತ್ರೆಗೆ ಕಳಿಸಿ, 5.20ಕ್ಕೆ ಪಂಚನಾಮೆ ಮುಗಿಸಿ, ಹಲ್ಲೆ ಮತ್ತು ಅಕ್ರಮ ಬಂಧನದ ಆರೋಪದಲ್ಲಿ ಪ್ರೀತಂನನ್ನು ಬಂಧಿಸಿದರು.

ನಾಗರತ್ನ ಠಾಣೆಯಲ್ಲಿ ಮಗನನ್ನು ನೋಡಿದರು. ಕಣ್ಣು ತುಂಬಿದರೂ ಹೇಳಿಕೆಗೆ ಸಹಿ ಹಾಕಿ ಮಂಡ್ಯದ ಬಸ್ಸು ಹತ್ತಿದರು.

“ಸ್ವರೂಪ್‌ನ ಮನೇಗೆ ಕರ್ಕಂಡು ಬಂದೋನೇ ನಾನು, ನನ್ ಜೊತೆ ಕ್ರಿಕೆಟ್ ಆಡೋನು ಅಂತ,” ಎಂದ ಪ್ರೀತಂ. “‘ನಿಮ್ಮಪ್ಪ ನಿನ್ ಜೊತೇಲಿ ಕ್ರಿಕೆಟ್ ಆಡ್ತಾನಂತಲ್ಲೋ’ ಅಂತ ಟೀ ಅಂಗ್ಡೀಲಿ ದಿನಾ ನಗೋರು. ಒಡ್ದು ಕೂಡಾಕ್ದೆ. ಆಮೇಲೆ ಬುಡಕ್ಕೂ ಭಯ, ಕೊಲ್ಲಕ್ಕೂ ಕೈ ಬರ್ನಿಲ್ಲ.”

“ಯಾರ್ಯಾರು ನಗ್ತಿದ್ರು?” ಶೋಭಾರಾಣಿ ಕೇಳಿದರು.

ಹನ್ನೊಂದು ಹೆಸರು ಹೇಳಿದ. ಮೊದಲನೆಯದು ಅವನ ಸ್ವಂತ ದೊಡ್ಡಪ್ಪ ಹುಚ್ಚೀರಯ್ಯನದು.

“ಇವರಿಗೆಲ್ಲ ಯಾವ ಕಲಂ ಹಾಕ್ತೀರಿ ಮೇಡಂ?” ಮಾದಯ್ಯ ಮೆಲ್ಲಗೆ ಕೇಳಿದರು.

ಶೋಭಾರಾಣಿ ಮಾದಯ್ಯನವರ ಕೈಯಿಂದ ಪೆನ್ನು ತೆಗೆದುಕೊಂಡರು. ಹನ್ನೊಂದು ಹೆಸರನ್ನೂ, ಆರೋಪಿಗಳದ್ದನ್ನು ಬರೆಯುವ ಹಾಗೆ ತಂದೆಯ ಹೆಸರು, ವಯಸ್ಸು ಸಮೇತ, ತಾವೇ ಬರೆದುಕೊಂಡರು.